ಬಾಗಿದ ಚಮಚ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಅವಳು ಒಲೆ ಹಚ್ಚಿದಳು, ಆರಿಸಿದಳು. ಮಡಚಿಟ್ಟ ಬಟ್ಟೆ ಬಿಡಿಸಿ ಮತ್ತೆ ಮಡಚಿದಳು. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದಾಗಿನಿಂದ ಕಣ್ಣಲ್ಲಿ ಹನಿ ನೀರು ಬಂದಿರಲಿಲ್ಲ.

ಅತ್ತೆ ಗಂಜಿಯ ಬಟ್ಟಲು ಹಿಡಿದು ಹಿಂದೆ ಹಿಂದೆಯೇ ಬಂದರು.

"ಎರಡು ತುತ್ತು ತಿನ್ನಮ್ಮ. ಬಾಯಿ ತೆಗಿ."

"ಅಲ್ಲಿಡಿ ಅತ್ತೆ, ನಾನೇ ತಿಂತೀನಿ."

"ನಿನ್ನೆನೂ ಹೀಗೇ ಅಂದೆ. ಇಟ್ಟಿದ್ದು ಇಟ್ಟ ಹಾಗೇ ಇತ್ತು."

ಚಮಚ ತುಟಿಗೆ ತಾಗಿತು. ಅವಳು ಹಲ್ಲು ಕಚ್ಚಿ ಗೋಡೆ ನೋಡಿದಳು.

ಅಷ್ಟರಲ್ಲಿ ಫೋನು. ವೃದ್ಧಾಶ್ರಮದ ಹಿರಿಯ ನರ್ಸು. ತೀರಿಹೋದ ಗಂಡ ಅಲ್ಲಿ ಮುದುಕರ ಆರೈಕೆಗೆ ಸೇರಿದವರಿಗೆ ತರಬೇತಿ ಕೊಡುತ್ತಿದ್ದ. ಅವಳದೂ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ.

"ಕೇಳೋಕೆ ನಾಲಿಗೆ ಏಳ್ತಿಲ್ಲ ಮೇಡಂ. ಊಟ ಮಾಡಿಸೋ ಪಾಠ ಅರ್ಧಕ್ಕೇ ನಿಂತಿದೆ. ಅದರ ಮೇಲೆ ಇಲ್ಲಿರೋ ವಯಸ್ಸಾದ ಮೇಷ್ಟ್ರು ಊಟಕ್ಕೆ ಬಾಯೇ ಬಿಡ್ತಿಲ್ಲ, ಕಲಿಯೋ ಹುಡುಗೀರು ಎಷ್ಟು ನಾಜೂಕಾಗಿ ತಿನ್ನಿಸಿದ್ರೂ ಅಷ್ಟೆ. ಇವತ್ತೂ ಹೀಗೇ ಆದ್ರೆ ಮೂಗಿಗೆ ಪೈಪ್ ಹಾಕೋಣ ಅಂದಿದಾರೆ ಡಾಕ್ಟ್ರು."

"ಬರ್ತೀನಿ," ಎಂದಳು. ಮನೆಯಿಂದ ಹೊರಬೀಳಲು ಒಂದು ನೆಪ ಸಿಕ್ಕಿದ್ದೇ ಸಾಕಾಗಿತ್ತು. ಗಂಡ ಪಾಠಕ್ಕೆ ಒಯ್ಯುತ್ತಿದ್ದ ಚೀಲವನ್ನು ಬಿಚ್ಚಿಯೂ ನೋಡದೆ ಹೆಗಲಿಗೇರಿಸಿ ಹೊರಟಳು.

ಊಟದ ಕೋಣೆಯೇ ತರಗತಿ. ಕಿಟಕಿ ಪಕ್ಕದಲ್ಲಿ ಮೇಷ್ಟ್ರು, ಬೆರಳೆಲ್ಲ ಗಂಟು ಗಂಟು. ಎದುರಿಗೆ ಕೂತ ಹುಡುಗಿಯಲ್ಲಿ ಹುಡುಕಿದರೂ ತಪ್ಪಿಲ್ಲ: ಕಣ್ಣಿನ ಮಟ್ಟಕ್ಕೆ ಕುರ್ಚಿ, ಗಂಜಿಯ ಸಣ್ಣ ತುತ್ತು, ಅವಸರವಿಲ್ಲ. ಅವನು ಕಲಿಸಿದ್ದು ಅಚ್ಚೊತ್ತಿದಂತಿತ್ತು. ಮೇಷ್ಟ್ರು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದರು.

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚೀಲಕ್ಕೆ ಕೈಹಾಕಿದಳು. ದಪ್ಪ ಕೈಗವಸು, ಕೊರಳಿಗೆ ಕಟ್ಟುವ ಬಟ್ಟೆ, ಆಮೇಲೆ ಒಂದು ಚಮಚ: ಕುತ್ತಿಗೆ ಪಕ್ಕಕ್ಕೆ ಬಾಗಿದ್ದು, ಹಿಡಿಗೆ ಹಳೆಯ ಬಟ್ಟೆ ಸುತ್ತಿದ್ದು.

"ಮಣಿಕಟ್ಟು ತಿರುಗದವರು ಇಂಥದ್ರಲ್ಲಿ ತಾವೇ ತಿನ್ನೋಕೆ..." ಎಂದು ಹುಡುಗಿಯರಿಗೆ ಎತ್ತಿ ತೋರಿಸಿದಳು.

ಮೇಷ್ಟ್ರ ಕಣ್ಣು ಗೋಡೆ ಬಿಟ್ಟು ಚಮಚಕ್ಕೆ ಅಂಟಿತು. ಅವಳು ಇಳಿಸಿದಳು, ಕಣ್ಣೂ ಇಳಿಯಿತು. ಹತ್ತಿರ ಹೋದಳು.

"ಇದು ನಿಮ್ಮದಾ ಮೇಷ್ಟ್ರೇ?"

"ಮತ್ತೆ, ನಿನ್ನ ತವರಿನ ಉಡುಗೊರೆ ಅಂದ್ಕೊಂಡ್ಯಾ? ಪಾಠಕ್ಕೆ ತೋರಿಸಿ ಕೊಡ್ತೀನಿ ಅಂತ ಇಸ್ಕೊಂಡು ಹೋದ ನಿನ್ನ ಗಂಡ."

ನರ್ಸು ಹಣೆ ಚಚ್ಚಿಕೊಂಡಳು. ತಿನ್ನಿಸಲು ಕಲಿತ ಕೈಗಳು ಸಾಲುಗಟ್ಟಿದ್ದವು. ಮೇಷ್ಟ್ರ ಚಮಚ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

"ಒಂದು ಮಾತು ಹೇಳೋದಲ್ವಾ ಮೇಷ್ಟ್ರೇ?" ಎಂದಳು ನರ್ಸು.

"ಸಾವಾದ ಮನೆಗೆ ನನ್ನ ಚಮಚ ಕೊಡಿ ಅಂತ ಹೇಳಿ ಕಳಿಸ್ಲಾ? ನಿನಗೆ ನಾಚಿಕೆ ಇಲ್ಲದಿದ್ರೆ ನನಗಿದೆ."

ಹುಡುಗಿಯರಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಅವಳು ನಲ್ಲಿಯಲ್ಲಿ ಚಮಚ ತೊಳೆದಳು. ಹಿಡಿಯ ಬಟ್ಟೆಯ ತುದಿಯನ್ನು ಹೊಸ ದಾರದಲ್ಲಿ ಹೊಲಿಯಲಾಗಿತ್ತು. ಅವನ ಹೊಲಿಗೆ, ಎಂದಿನಂತೆ ಅಂಕುಡೊಂಕು. ಒರೆಸಿ ತಂದು ಚಾಚಿದಳು. ಮೇಷ್ಟ್ರು ಹಿಡಿದರು. ಅವಳ ಬೆರಳು ಬಿಡಲಿಲ್ಲ.

"ಬಿಡಮ್ಮ," ಎಂದರು ಮೇಷ್ಟ್ರು ಮೆಲ್ಲಗೆ, "ಗಂಜಿ ಆರ್ತಿದೆ."

ಬಿಟ್ಟಳು.