ನಾಲ್ಕು ಗಂಟೆಯ ಫೋಟೋ

ಆರ್ಲೀನ್ ಕತ್ತರಿಯ ತುದಿಯನ್ನು ಹೊಲಿಗೆಯೊಳಗೆ ತೂರಿಸಿ ಒಂದೊಂದೇ ದಾರ ಕಡಿಯುತ್ತಿದ್ದಳು. ಅವಳಿಗೆ ಅವಸರವೇ ಇರಲಿಲ್ಲ. ಎದುರಿಗೆ ತಂಗಿ ಗ್ವೆನ್, ತಟ್ಟೆಯಲ್ಲಿದ್ದ ಸೇಬಿನ ಪೈ ಮುಟ್ಟದೆ, ತಾಯಿ ಹೊಲಿದಿದ್ದ ಕೌದಿಯಿಂದ ಹನ್ನೊಂದನೆಯ ಚೌಕ ಕಳಚಿ ಬರುವುದನ್ನು ನೋಡುತ್ತ ಕೂತಿದ್ದಳು. ಅಪ್ಪ ರೈಲ್ವೆಯಲ್ಲಿದ್ದಾಗ ತೊಡುತ್ತಿದ್ದ ಪಟ್ಟೆ ಅಂಗಿಯ ತುಂಡು ಅದು.

"ಮಂಗಳವಾರ ಫೋಟೋ ಬಂದಿದ್ದು ನಾಲ್ಕೂ ಇಪ್ಪತ್ತಕ್ಕೆ," ಎಂದಳು ಆರ್ಲೀನ್.

"ಇಪ್ಪತ್ತೇ ನಿಮಿಷ ಕಣೇ."

"ನಿನಗೋಸ್ಕರ ರೈಲು ಇಪ್ಪತ್ತು ನಿಮಿಷ ನಿಲ್ಲುತ್ತಾ? ಅಪ್ಪನ್ನೇ ಕೇಳು." ಹಾಗೆನ್ನುತ್ತಲೇ ತುಂಡನ್ನು ಒಲೆಯ ಬಾಯಿಗೆ ಹಾಕಿದಳು. "ಮುಂದಿನ ಸಲ ಅಮ್ಮನ ಏಪ್ರನ್ ತುಂಡಿನ ಸರದಿ. ನೆನಪಿರಲಿ."

ಈ ಏರ್ಪಾಡು ಗ್ವೆನ್ ತಾನೇ ಕೈಯಾರೆ ಮಾಡಿಕೊಂಡದ್ದು. ಡುಲೂತ್ ಊರಿನ ಗ್ರಂಥಾಲಯದಲ್ಲಿ ಶನಿವಾರದ ತರಗತಿಯೊಂದು ನಡೆಯುತ್ತಿತ್ತು, ಕೆಲಸ ಕೆಡಿಸುವ ಚಟಗಳನ್ನು ಬಿಡಿಸುವುದಕ್ಕೆ. ನಿಮಗೆ ತೀರ ಪ್ರಿಯವಾದದ್ದನ್ನು ದಯೆ ದಾಕ್ಷಿಣ್ಯ ಇಲ್ಲದವರ ಕೈಗೆ ಕೊಡಿ, ತಪ್ಪಿದಾಗಲೆಲ್ಲ ಅವರು ಅದನ್ನು ಮತ್ತೆ ಸಿಗದಂತೆ ಹಾಳುಮಾಡಲಿ ಎಂದು ಅಲ್ಲಿ ಹೇಳಿಕೊಟ್ಟರು. ದಯೆಯಿಲ್ಲದವರನ್ನು ಹುಡುಕಿಕೊಂಡು ಗ್ವೆನ್ ದೂರ ಹೋಗಬೇಕಾಗಿರಲಿಲ್ಲ. ದಿನಾ ನಾಲ್ಕು ಗಂಟೆಗೆ ಮನೆಯ ಮೇಜಿನ ಮುಂದೆ, ಪುಸ್ತಕ ಬಿಚ್ಚಿ, ಹಿಂದಿನ ಗಡಿಯಾರ ಕಾಣುವಂತೆ ಫೋಟೋ ಕಳಿಸಬೇಕು. ತಪ್ಪಿದ ಒಂದೊಂದು ದಿನಕ್ಕೂ ಭಾನುವಾರ ಒಂದು ಚೌಕ ಬೆಂಕಿಗೆ. ಕೌದಿಯಲ್ಲಿ ಇದ್ದದ್ದು ಮೂವತ್ತಾರು. ಸಾಯುವ ಮುಂಚೆ ತಾಯಿ ಕೌದಿ ಗ್ವೆನ್‌ಗೆ, ಪಿಂಗಾಣಿ ತಟ್ಟೆಗಳು ಆರ್ಲೀನ್‌ಗೆ ಎಂದು ಬರೆದಿಟ್ಟಿದ್ದಳು. ಆ ಮಾತನ್ನು ಅಕ್ಕತಂಗಿಯರು ಇದುವರೆಗೆ ಎತ್ತಿಲ್ಲ.

ಗ್ವೆನ್‌ಗೆ ನಲವತ್ತೊಂಬತ್ತು. ವೃದ್ಧಾಶ್ರಮವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಮುದುಕರ ಮಲಮೂತ್ರ ಬಳಿಯುವ ಆಯಾ. ನರ್ಸ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು, ಕಾಲೇಜಿನವರು ಕೊಟ್ಟ ಕೊನೆಯ ಅವಕಾಶಕ್ಕೆ ಮೂರು ವಾರ ಉಳಿದಿತ್ತು. ತಲೆ ಇಲ್ಲವೆಂದಲ್ಲ. ಓದಲು ಕೂತರೆ ಫೋನಿನಲ್ಲಿ ಇಸ್ಪೀಟು, ಇಲ್ಲವೇ ಇದ್ದಕ್ಕಿದ್ದಂತೆ ಫ್ರಿಜ್ ತೊಳೆಯುವ ಉಮೇದು, ಅದೂ ಇಲ್ಲದಿದ್ದರೆ ನಾಳೆಯಿಂದ ಓದುತ್ತೇನೆಂಬ ನೆಪ. ಒಪ್ಪಿಕೊಳ್ಳಲೇಬೇಕು, ಆರ್ಲೀನಳ ಕತ್ತರಿ ಕೆಲಸ ಮಾಡಿತು. ಇಸ್ಪೀಟು ಹೋಯಿತು, ಫ್ರಿಜ್ಜಿನಲ್ಲಿ ಬೂಷ್ಟು ಬಂತು. ಉಳಿದದ್ದು ಒಂದೇ ಚಟ. ಮೂರಕ್ಕೆ ಪಾಳಿ ಮುಗಿದ ಮೇಲೆ ಒಂಬತ್ತನೇ ಕೋಣೆಯ ಹೆಡ್ವಿಗ್ ಅಜ್ಜಿಯ ಪಕ್ಕ ಸುಮ್ಮನೆ ಕೂರುವುದು. ಮಂಗಳವಾರದ ಇಪ್ಪತ್ತು ನಿಮಿಷ ಹೋದದ್ದೂ ಅಲ್ಲಿಗೇ.

ಗುರುವಾರ ಮೂರೂ ಇಪ್ಪತ್ತಕ್ಕೆ ಹೆಡ್ವಿಗ್ ಅಜ್ಜಿಯ ಉಸಿರಾಟ ಬದಲಾಯಿತು. ಇಪ್ಪತ್ತೆರಡು ವರ್ಷದ ಕಿವಿಗೆ ಅದರ ಅರ್ಥ ಗೊತ್ತಿತ್ತು. ಅಜ್ಜಿಯ ಮಗಳು ದೂರದ ಫಾರ್ಗೋದಿಂದ ಹೊರಟಾಗಿತ್ತು, ಬರುವುದು ಐದಕ್ಕೆ. ನರ್ಸ್ ಬಾಗಿಲಲ್ಲೇ ನಿಂತು, "ಆ ಕಡೆ ಇಬ್ಬರದು ಗಲಾಟೆ, ನೀನು ಹೇಗೂ ಕೂತಿರ್ತೀಯಲ್ಲ ಗ್ವೆನ್," ಎಂದು ಓಡಿದಳು. ಗ್ವೆನ್ ಅಕ್ಕನಿಗೆ ಫೋನ್ ಮಾಡಿದಳು.

"ಇವತ್ತೊಂದು ದಿನ ಬಿಟ್ಬಿಡೇ. ಇಲ್ಲಿ ಹೆಡ್ವಿಗ್ ಅಜ್ಜಿ ಹೋಗ್ತಿದಾಳೆ."

"ಹೋಗೋರು ಹೋಗ್ತಾರೆ. ನಿನ್ನದೇನು ಅಲ್ಲಿ?"

"ನನ್ನ ಕೈ ಹಿಡ್ಕೊಂಡಿದಾಳೆ ಕಣೇ."

"ಅದು ವೃದ್ಧಾಶ್ರಮ ಗ್ವೆನ್, ಪರೀಕ್ಷೆ ತನಕ ದಿನಾ ಯಾರಾದ್ರೂ ಸಾಯ್ತಾನೇ ಇರ್ತಾರೆ. ಒಂದು ಮಾತು ಹೇಳ್ಲಾ? ನಿನ್ನ ಚಟಗಳಲ್ಲೆಲ್ಲ ದೊಡ್ಡದು ಇದೇ. ಹಾಸಿಗೆ ಪಕ್ಕ ಕೂತು ಒಳ್ಳೆಯವಳು ಅನ್ನಿಸ್ಕೊಳ್ಳೋದು. ಪುಸ್ತಕದ ಮುಂದೆ ಕೂತ್ರೆ ಯಾರೂ ಹಾಗನ್ನಲ್ವಲ್ಲ, ಅದಕ್ಕೇ ನಿನಗೆ ಓದು ಬೇಡ. ಏಪ್ರನ್ನು ನನ್ನ ಕಣ್ಣೆದುರಿಗಿದೆ. ನಿನ್ನಿಷ್ಟ."

ಗ್ವೆನ್‌ಗೆ ಸಿಟ್ಟು ಬರಲಿಲ್ಲ. ಅಕ್ಕ ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಮತ್ತು ಆ ಅರ್ಧ ನೇರ ಎದೆಗೆ ಚುಚ್ಚಿತು. ಗಡಿಯಾರ ನೋಡಿದಳು, ಮೂರೂ ನಲವತ್ತು. ಮನೆಗೆ ಕಾಲು ಗಂಟೆ ದಾರಿ. ಅಜ್ಜಿಯ ಬೆರಳುಗಳಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

ಹೆಡ್ವಿಗ್ ಕಣ್ಣು ಬಿಟ್ಟಳು. "ಹೋಗ್ತೀಯಾ?"

"ಇಲ್ಲ, ಈಗ ಬಂದೆ."

"ಬಾಗಿಲು ತೆಗೆದಿಟ್ಟು ಹೋಗಮ್ಮ."

ಗ್ವೆನ್ ಬಾಗಿಲು ತೆಗೆದಿಟ್ಟು ಹೋದಳು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಫೋಟೋ ಕಳಿಸಿದಳು. "ಭೇಷ್," ಎಂದು ಆರ್ಲೀನಳಿಂದ ಉತ್ತರ ಬಂತು, ಎಂಟು ವಾರಗಳಲ್ಲಿ ಮೊದಲ ಹೊಗಳಿಕೆ. ಗ್ವೆನ್ ಪುಸ್ತಕದ ಮುಂದೆ ಕೂತು ಅಳು ಬರಬಹುದೆಂದು ಕಾದಳು. ಬರಲಿಲ್ಲ. ಅಂದು ಓದಿದಷ್ಟು ಚೆನ್ನಾಗಿ ಅವಳು ಜನ್ಮದಲ್ಲಿ ಓದಿರಲಿಲ್ಲ. ಹೃದಯದ ಮೇಲಿನ ಐವತ್ತು ಪ್ರಶ್ನೆಗಳಲ್ಲಿ ನಲವತ್ತಾರು ಸರಿಯಾದವು. ಉಳಿದ ನಾಲ್ಕನ್ನೂ ತಿದ್ದಿಕೊಂಡು ಸೂಪು ಬಿಸಿ ಮಾಡಿಕೊಂಡಳು.

ಹೆಡ್ವಿಗ್ ಸತ್ತದ್ದು ಯಾವಾಗೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನರ್ಸ್ ನೋಡಿದಾಗ ನಾಲ್ಕೂವರೆ.

ಮಾರನೆಯ ದಿನ ಗ್ವೆನ್ ಪಾಳಿ ಮುಗಿಸಿ ಹೊರಟಾಗ ಒಂಬತ್ತನೇ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಸ್ವೆಟರುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಹೆಡ್ವಿಗ್‌ಳ ಮಗಳು ಸೋಲ್ವೈಗ್. ಗ್ವೆನ್‌ಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ನೀವೇನಾ! ಫೋನ್ ಮಾಡಿದ್ರೆ ಸಾಕು, ಅಮ್ಮನಿಗೆ ನಿಮ್ಮದೇ ಮಾತು. ಇಲ್ಲಿ ಯಾರನ್ನ ಕೇಳಿದ್ರೂ ಸರಿಯಾಗಿ ಹೇಳ್ತಿಲ್ಲ. ನಿನ್ನೆ ನೀವು ಪಕ್ಕದಲ್ಲಿದ್ರಿ ಅಲ್ವಾ? ಗ್ವೆನ್ ಇರ್ತಾಳೆ, ಗ್ವೆನ್ ಇರ್ತಾಳೆ ಅಂದ್ಕೊಂಡೇ ದಾರಿಯುದ್ದಕ್ಕೂ ಗಾಡಿ ಓಡಿಸಿದೆ."

"ಇದ್ದೆ," ಎಂದಳು ಗ್ವೆನ್.

"ಏನಾದ್ರೂ ಹೇಳಿದ್ಲಾ?"

"ನಿಮ್ಮ ಹೆಸರು ಹೇಳಿದ್ರು."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಸೋಲ್ವೈಗ್ ಕಣ್ಣೊರೆಸಿಕೊಂಡು ಕುರ್ಚಿಯನ್ನು ಎಳೆದಳು. "ಕೂತ್ಕೊಳ್ಳಿ. ಮೊದಲಿಂದ ಹೇಳಿ, ಒಂದೂ ಬಿಡಬೇಡಿ. ನನಗೆ ಎಲ್ಲಾ ಬೇಕು."

ಗೋಡೆಯ ಗಡಿಯಾರದಲ್ಲಿ ಮೂರೂ ಮೂವತ್ತೈದು.

"ನಾಲ್ಕಕ್ಕೆ ನನಗೆ ಕೆಲಸ ಇದೆ," ಎಂದಳು ಗ್ವೆನ್.

"ಅಯ್ಯೋ, ಹೌದಲ್ವಾ! ನಿಮ್ಮ ಹೊತ್ತು ಹಾಳುಮಾಡಿದೆ. ತಪ್ಪು ತಿಳೀಬೇಡಿ." ಸೋಲ್ವೈಗ್ ಗಾಬರಿಯಿಂದ ಕುರ್ಚಿಯ ಮೇಲಿನ ಕೈ ತೆಗೆದಳು.

ಹೊರಗೆ ಬಂದು ಕೋಟಿನ ಗುಂಡಿ ಹಾಕಿಕೊಳ್ಳುವಾಗ ಗ್ವೆನ್ ಒಮ್ಮೆ ಹಿಂತಿರುಗಿ ನೋಡಿದಳು. ತಾನೇ ಎಳೆದ ಕುರ್ಚಿಯಲ್ಲಿ ಸೋಲ್ವೈಗ್ ತಾನೇ ಕೂತಿದ್ದಳು. ಹೊದಿಕೆ ತೆಗೆದು ಬೋಳಾಗಿದ್ದ ಹಾಸಿಗೆಯನ್ನು ಅಂಗೈಯಿಂದ ಸವರುತ್ತ, ಇಲ್ಲದ ಸುಕ್ಕುಗಳನ್ನು ಸರಿಮಾಡುತ್ತಿದ್ದಳು.