ಲಂಗದ ಅಂಚಿನ ಹನ್ನೆರಡು ನೋಟು

ಊರು ಬಿಡುವ ಹಿಂದಿನ ದಿನ ನಾದಿನಿ ಯಾರಿಗೂ ಹೇಳದೆ ಒಂದು ಜಾಣತನ ಮಾಡಿದಳು. ನೂರು ಡಾಲರಿನ ಹನ್ನೆರಡು ನೋಟುಗಳನ್ನು ಒಳಲಂಗದ ಅಂಚಿನ ಸುತ್ತ ಸಾಲಾಗಿ ಮಲಗಿಸಿ, ಬಟ್ಟೆ ಮಡಚಿ, ಮೇಲೆ ಮೆಷಿನ್ ಓಡಿಸಿದಳು. ಮೂವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈ ಅದು. ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಿದವರ ಕಣ್ಣು ಸೋಲಬೇಕು. ಇನ್ನು ಕಳ್ಳ ಬಂದರೆ ಲಂಗವನ್ನೇ ಹೊತ್ತುಕೊಂಡು ಹೋಗಬೇಕು ಎಂದು ಅವಳು ತನ್ನೊಳಗೇ ನಕ್ಕಳು.

ಹೊರಟದ್ದು ಒಂದು ಕಾಜಾ ಮೆಷಿನ್ನಿಗಾಗಿ. ಗುಂಡಿಯ ತೂತನ್ನು ಕೈಯಲ್ಲಿ ಹೆಣೆಯಲು ಅವಳ ಕಣ್ಣು ಈಗ ಒಪ್ಪುತ್ತಿರಲಿಲ್ಲ. ಅಂಗಿಗಳನ್ನು ಹೊರಗೆ ಕಳಿಸಿ ಕಾಜಾ ಹಾಕಿಸಿದರೆ ಕೂಲಿಯೆಲ್ಲ ಅಲ್ಲೇ ಕರಗುತ್ತಿತ್ತು. ಬಟ್ಟೆ ವ್ಯಾಪಾರಿಯೊಬ್ಬ ಸುದ್ದಿ ತಂದಿದ್ದ: ಹೊರದೇಶದ ಒಂದು ಊರಿನಲ್ಲಿ ಅಂಗಿ ಕಾರ್ಖಾನೆಯೊಂದು ಬಾಗಿಲು ಹಾಕುತ್ತಿದೆ, ಹೊಸದರ ಮೂರರಲ್ಲೊಂದು ಪಾಲು ಬೆಲೆಗೆ ಮೆಷಿನ್ ಸಿಗುತ್ತದೆ. ಕಾರ್ಖಾನೆಯ ಯಜಮಾನ ಫೋನಿನಲ್ಲಿ ಮಾತು ಕೊಟ್ಟಿದ್ದ. ಒಂಬತ್ತು ಸಾವಿರ, ಆ ದೇಶದ ನೋಟಿನಲ್ಲಿ, ಕೈಗೆ ಕೈ. ಗುರುವಾರ ಸಂಜೆ ನಾಲ್ಕರೊಳಗೆ ಬರದಿದ್ದರೆ ಕಾದು ಕೂತ ಇನ್ನೊಬ್ಬನಿಗೆ. ಇದು ಕೈತಪ್ಪಿದರೆ ಮುಂದಿನ ವರ್ಷದ ಹೊತ್ತಿಗೆ ಹೊಲಿಗೆಯನ್ನೇ ಬಿಡಬೇಕಾದೀತು ಎಂಬುದು ಅವಳಿಗೆ ಗೊತ್ತಿತ್ತು.

ಜೊತೆಗೆ ಬರಬೇಕಾದ ಅಣ್ಣನಿಗೆ ಏಣಿ ಹತ್ತಿದರೂ ತಲೆ ಸುತ್ತು. ಹಾಗಾಗಿ ಬಂದವರು ಅಣ್ಣನ ಹೆಂಡತಿ, ಅತ್ತಿಗೆ. ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಟಿಕೆಟ್ ಇಲ್ಲದೆ ಯಾರನ್ನೂ ಹತ್ತಿಸಿದವಳಲ್ಲ, ಈಗ ನಾನೂ ಒಂದು ಟಿಕೆಟ್ ತಗೊಂಡು ಸೀಟಲ್ಲಿ ಕೂತು ನೋಡ್ತೀನಿ ಎಂದು ಹೊರಟಿದ್ದರು. ಹೊರಡುವ ಮೊದಲು ಒಂದು ಹಟ ಹಿಡಿದಿದ್ದರು: ಇರುವುದನ್ನೆಲ್ಲ ಡಾಲರ್ ಮಾಡಬೇಡ, ಒಂದು ಪಾಲು ಬ್ಯಾಂಕಿನಲ್ಲೇ ಬಿಡು, ಕಾರ್ಡು ಹೊರದೇಶದಲ್ಲಿ ನಡೆಯುವ ಹಾಗೆ ಮಾಡಿಸು. ನಾದಿನಿ ಗೊಣಗುತ್ತಲೇ ನಲವತ್ತೆಂಟು ಸಾವಿರ ರೂಪಾಯಿ ಬಿಟ್ಟು ಬಂದಿದ್ದಳು.

ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಹೊಳೆಯುವ ಗಾಜಿನ ಕೌಂಟರ್ ಒಂದು ಕಂಡಿತು. ಕಮಿಷನ್ ಇಲ್ಲ ಎಂದು ದೊಡ್ಡಕ್ಷರದ ಫಲಕ. ಇಲ್ಲೇ ಮುಗಿಸಿಬಿಡೋಣ ಎಂದು ನಾದಿನಿ ಬಚ್ಚಲ ಕೋಣೆಯ ದಿಕ್ಕಿಗೆ ತಿರುಗಿದಳು, ಲಂಗ ಬಿಚ್ಚಬೇಕಲ್ಲ. ಅತ್ತಿಗೆ ಕನ್ನಡಕ ಏರಿಸಿ ಫಲಕದ ಕೆಳಗಿನ ಸಣ್ಣ ಅಂಕಿಗಳನ್ನು ಓದಿದರು. ಕೊಳ್ಳುವ ದರ ಒಂದು ಕಡೆ, ಮಾರುವ ದರ ಇನ್ನೊಂದು ಕಡೆ. ಎರಡರ ನಡುವೆ ಒಂದು ಬಸ್ಸು ತಿರುಗಿಸುವಷ್ಟು ಜಾಗ. ನೂರು ಡಾಲರಿಗೆ ಆರುನೂರ ಹತ್ತು.

"ಕಮಿಷನ್ ಬೇಡ ಅನ್ನೋನು ಇಷ್ಟು ಚೆಂದದ ಗಾಜಿನ ಮನೆ ಯಾವ ದುಡ್ಡಲ್ಲಿ ಕಟ್ಟಿದ? ಕೇಳು ಹೋಗು," ಎಂದರು ಅತ್ತಿಗೆ.

ತಮ್ಮ ಕೈಚೀಲದಿಂದ ಇಪ್ಪತ್ತು ಡಾಲರ್ ಮಾತ್ರ ಕೊಟ್ಟು, ಬಸ್ಸಿಗೂ ಊಟಕ್ಕೂ ಆಗುವಷ್ಟು ಚಿಲ್ಲರೆ ತೆಗೆದುಕೊಂಡರು. ಬಸ್ಸಿನಲ್ಲಿ ಅಲ್ಲಿನ ಪ್ರತಿ ನೋಟನ್ನೂ ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ, ಬಣ್ಣ, ಅಳತೆ, ಅಂಚಿನ ಒರಟು ಎಲ್ಲವನ್ನೂ ಮೆಲುದನಿಯಲ್ಲಿ ಹೇಳಿಕೊಳ್ಳುತ್ತ ಬಾಯಿಪಾಠ ಮಾಡಿಕೊಂಡರು. ಪಕ್ಕದಲ್ಲಿ ಕೂತ ನಾದಿನಿಗೆ ಅದು ಚಿಕ್ಕಂದಿನಲ್ಲಿ ಮನೆಯ ಹಿರಿಯರು ಮುಂಜಾನೆ ಪದ್ಯ ಒಪ್ಪಿಸುತ್ತಿದ್ದ ಹಾಗೇ ಕೇಳಿಸಿತು, ಅದೇ ಏರಿಳಿತ, ಅದೇ ನಿಲುಗಡೆ. ಕಂಡಕ್ಟರ್ ಬುದ್ಧಿ ಹೋಗಲಿಲ್ಲವಲ್ಲ ಎಂದುಕೊಂಡಳು, ಮೆಚ್ಚಿ ಅಲ್ಲ.

ಮರುದಿನ ಗುರುವಾರ. ಲಾಡ್ಜಿನ ಕೋಣೆಯಲ್ಲಿ ಬೆಳಿಗ್ಗೆ ಅಂಚು ಬಿಚ್ಚಿದಾಗ ನಾದಿನಿಯ ಮುಖ ಬಿಳುಚಿತು. ನಡೆದಾಡುವಾಗ ಜಾರದಿರಲಿ ಎಂದು ಹೊಲಿಗೆಯನ್ನು ನೋಟಿಗೆ ತೀರ ಒತ್ತಾಗಿ ಹಾಕಿದ್ದಳು. ಬಟ್ಟೆಯ ಕೆಳಗೆ ನೋಟು ಅತ್ತಿತ್ತ ಸರಿದದ್ದು ಅವಳಿಗೆ ಕಂಡಿರಲಿಲ್ಲ. ಹನ್ನೆರಡರಲ್ಲಿ ಐದರ ಮೈಮೇಲೆ ಸೂಜಿ ಸಾಲಾಗಿ ನಡೆದುಹೋಗಿತ್ತು. ಎಲ್ಲವೂ ಸಣ್ಣ ಸಣ್ಣ ತೂತು, ಒಂದೇ ಅಳತೆಯವು, ಒಂದೇ ದೂರದಲ್ಲಿ.

ಅತ್ತಿಗೆ ಒಂದು ನೋಟನ್ನು ಕಿಟಕಿಗೆ ಹಿಡಿದು ನೋಡಿದರು. "ಹೊಲಿಗೆ ಮಾತ್ರ ನೇರ ಇದೆ ಕಣೇ," ಎಂದರು. ಬೈಯಲಿಲ್ಲ. ಆ ಬೈಯದಿರುವುದೇ ನಾದಿನಿಗೆ ಹೆಚ್ಚು ಚುಚ್ಚಿತು.

ಪೇಟೆಯಲ್ಲಿ ನೋಟು ಬದಲಿಸುವ ಮೂರು ಅಂಗಡಿಗಳನ್ನು ಅತ್ತಿಗೆ ಸುತ್ತಿಸಿದರು. ಒಳಗೆ ಹೋದವರೇ ಒಂದೇ ಪ್ರಶ್ನೆ ಕೇಳುತ್ತಿದ್ದರು: ನೂರು ಕೊಟ್ಟರೆ ಎಲ್ಲ ಕಳೆದು ನನ್ನ ಕೈಗೆ ಎಷ್ಟು ಬೀಳುತ್ತದೆ? ಅವರ ಹರಕುಮುರುಕು ಇಂಗ್ಲಿಷಿಗೆ ಆ ಒಂದು ಪ್ರಶ್ನೆ ಸಾಕಾಗಿತ್ತು. ಮೂರನೆಯವನು ಏಳುನೂರು ಎಂದ, ರಸೀದಿಯನ್ನೂ ಕೊಡುತ್ತೇನೆಂದ. ಏಳು ನೋಟು ತೆಗೆದುಕೊಂಡು ನಾಲ್ಕು ಸಾವಿರದ ಒಂಬೈನೂರು ಎಣಿಸಿಕೊಟ್ಟ. ತೂತಿನ ಐದನ್ನು ಬೆಳಕಿಗೆ ಹಿಡಿದವನು ತಲೆಯಲ್ಲಾಡಿಸಿ, ಎರಡು ಬೆರಳಿನಿಂದ ಹಿಂದಕ್ಕೆ ತಳ್ಳಿದ.

ಗಂಟೆ ಹನ್ನೆರಡು. ಇನ್ನೂ ನಾಲ್ಕು ಸಾವಿರದ ನೂರು ಬೇಕು.

ಅಂಗಡಿಯ ಹೊರಗೆ ಇಸ್ತ್ರಿ ಅಂಗಿಯ ಒಬ್ಬ ಇವರಿಗಾಗಿಯೇ ಕಾದಿದ್ದವನಂತೆ ಹತ್ತಿರ ಬಂದ. ತೂತಿದ್ದರೆ ಚಿಂತೆಯಿಲ್ಲ, ನೋಟಿಗೆ ಏಳುನೂರ ಇಪ್ಪತ್ತು ಕೊಡುತ್ತೇನೆ ಎಂದು ಸನ್ನೆಯಲ್ಲೂ ಮಾತಿನಲ್ಲೂ ತಿಳಿಸಿದ. ನಾದಿನಿಗೆ ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಅತ್ತಿಗೆ ಬೇಡವೆಂದು ತೋಳು ಹಿಡಿದರು: ಇವನಿಗೆ ಅಂಗಡಿಯಿಲ್ಲ, ಬಾಗಿಲಿಲ್ಲ, ನಾಳೆ ಹುಡುಕಿದರೆ ಇವನೂ ಇಲ್ಲ. ನಾದಿನಿ ಕೇಳಲಿಲ್ಲ. ಕೊನೆಗೆ ಅತ್ತಿಗೆ, ಆಗಲಿ, ಮೊದಲು ಅವನದು ನನ್ನ ಕೈಗೆ ಬರಲಿ, ನಿನ್ನದು ಆಮೇಲೆ, ಎಂದರು.

ಅವನು ನೂರರ ಮೂವತ್ತಾರು ನೋಟುಗಳನ್ನು ಇವರ ಕಣ್ಣೆದುರೇ ಚಕಚಕನೆ ಎಣಿಸಿ ಕಟ್ಟು ಕೊಟ್ಟ. ನಾದಿನಿಯೂ ಮನಸ್ಸಿನಲ್ಲಿ ಎಣಿಸಿದ್ದಳು, ಮೂವತ್ತಾರೇ. ಅತ್ತಿಗೆ ಕಟ್ಟನ್ನು ಎಡಗೈಗೆ ಹಾಕಿಕೊಂಡು, ರಸ್ತೆಯ ಕಡೆ ನೋಡುತ್ತ, ಹೆಬ್ಬೆರಳನ್ನು ಒಂದು ಸಲ ಓಡಿಸಿದರು. ನೋಟುಗಳನ್ನು ನೋಡಲೇ ಇಲ್ಲ.

"ಇಪ್ಪತ್ತೆಂಟು. ಎಂಟು ನೋಟು ನಡುವೆ ಮಡಚಿವೆ, ಎರಡೆರಡು ಸಲ ಎಣಿಸಿದ್ದಾನೆ."

ಬಿಡಿಸಿ ತೋರಿಸಿದರು. ಹಾಗೆಯೇ ಇತ್ತು. ಅತ್ತಿಗೆ ಜಗಳಕ್ಕೆ ಹೋಗಲಿಲ್ಲ. ಕಟ್ಟನ್ನು ಅವನ ಅಂಗೈಯಲ್ಲಿಟ್ಟು, ಟಿಕೆಟ್ಟಿಲ್ಲದವನನ್ನು ಮುಂದಿನ ಸ್ಟಾಪಿನಲ್ಲಿ ಇಳಿಸುವಾಗ ನಗುವಂತೆ ಒಂದು ನಗು ನಕ್ಕರು. ಅವನೂ ಇಳಿದೇ ಹೋದ, ಗುಂಪಿನೊಳಗೆ.

ನಾದಿನಿ ತೂತಿನ ನೋಟುಗಳನ್ನು ಮತ್ತೆ ಮಡಚಿಟ್ಟಳು. ಐದು ನೋಟು ನೀರಿಗೆ ಹೋದಂತೆ ಆಯಿತಲ್ಲ ಎಂದಳು. ಎಲ್ಲಿಗೂ ಹೋಗಿಲ್ಲ, ಊರಿಗೆ ಹೋದ ಮೇಲೆ ಬ್ಯಾಂಕಿನಲ್ಲಿ ವಿಚಾರಿಸೋಣ, ತಡವಾದೀತು ಅಷ್ಟೆ ಎಂದು ಅತ್ತಿಗೆ ಸಮಾಧಾನ ಹೇಳಿದರು. ಈಗ ಕಾರ್ಡು ತೆಗಿ ಎಂದರು.

ರಸ್ತೆ ಬದಿಯಲ್ಲಿ ಬಣ್ಣಬಣ್ಣದ ಎಟಿಎಂ ಒಂದಿತ್ತು. ಅತ್ತಿಗೆ ಅದರ ಮೇಲಿನ ಚೀಟಿ ಓದಿದರು: ಸಲಕ್ಕೆ ಒಂದೇ ಸಾವಿರ, ಸಲಸಲಕ್ಕೂ ಶುಲ್ಕ. ಅದನ್ನು ದಾಟಿಸಿ ದೊಡ್ಡ ಬ್ಯಾಂಕೊಂದರ ಒಳಗೆ, ಗುಮಾಸ್ತರು ಕೂತಲ್ಲಿಗೇ ಕರೆದೊಯ್ದರು. ಮೆಷಿನ್ ಕಾರ್ಡು ನುಂಗಿದರೆ ಕೇಳಲು ಇಲ್ಲಿ ಮನುಷ್ಯರಿದ್ದಾರೆ ಎಂದರು. ಕಾರ್ಡು ತೂರಿಸುವ ಬಾಯಿಯನ್ನು, ಬಸ್ಸಿನ ಹಿಂಬಾಗಿಲು ಸರಿಯಾಗಿ ಬಿತ್ತೇ ಎಂದು ನೋಡುವಂತೆ, ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ; ಕಾರ್ಡು ಕದಿಯುವವರು ಮೇಲೆ ಏನೂ ಅಂಟಿಸಿರಲಿಲ್ಲ. ನಾದಿನಿ ಗುಟ್ಟಿನ ಅಂಕಿ ಒತ್ತುವಾಗ ಕೈಚೀಲವನ್ನು ಅಡ್ಡ ಹಿಡಿದು ನಿಂತರು.

ನಾಲ್ಕು ಸಾವಿರದ ನೂರು ಎಂದು ಒತ್ತಿದೊಡನೆ ಪರದೆ ಬದಲಾಯಿತು. ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಿ ಕೊಡಲೇ ಎಂದು ಬಹಳ ವಿನಯದಿಂದ ಕೇಳಿತು. ಕೆಳಗೆ ಅಂಕಿ: ಐವತ್ತೊಂದು ಸಾವಿರದ ಮುನ್ನೂರು. ಹಸಿರು ಗುಂಡಿ ಒಪ್ಪಿಗೆಗೆ, ಕೆಂಪು ಗುಂಡಿ ಬೇಡ ಎನ್ನುವುದಕ್ಕೆ.

ನಾದಿನಿ ಅಂಕಿಯನ್ನು ಎರಡು ಸಲ ಓದಿದಳು. ಖಾತೆಯಲ್ಲಿದ್ದದ್ದು ನಲವತ್ತೆಂಟು. ಮೆಷಿನ್ ಹೋಯಿತು ಎಂದು ಮನಸ್ಸು ಆಗಲೇ ವಾಪಸು ಹೊರಟಿತ್ತು.

"ಕೆಂಪು ಒತ್ತು."

"ಬೇಡ ಅಂದ್ರೆ ಎಲ್ಲಾ ನಿಂತು ಹೋಗತ್ತೆ ಅತ್ತಿಗೆ."

"ನಿಲ್ಲಲ್ಲ. ನಾವು ಬೇಡ ಅನ್ನೋದು ಇದು ಕಟ್ಟಿದ ಬೆಲೆಗೆ, ದುಡ್ಡಿಗಲ್ಲ. ಲೆಕ್ಕ ನಮ್ಮ ಬ್ಯಾಂಕು ಹಾಕಲಿ, ಅದು ಕಡಿಮೆಗೆ ಬರತ್ತೆ. ಒತ್ತು ಕಣೇ."

ನಾದಿನಿ ಕಣ್ಣು ಮುಚ್ಚಿ ದೇವರನ್ನು ನೆನೆದು ಒತ್ತಿದಳು. ಮೆಷಿನ್ನಿನ ಹೊಟ್ಟೆಯೊಳಗೆ ಏನೋ ಗುರುಗುಟ್ಟಿತು. ನಿಂತಿತು. ಮತ್ತೆ ಗುರುಗುಟ್ಟಿ, ನೋಟುಗಳ ಕಟ್ಟನ್ನು ಮುಂದಕ್ಕೆ ಚಾಚಿತು. ನಾಲ್ಕು ಸಾವಿರದ ನೂರು. ಸ್ವಲ್ಪ ಹೊತ್ತಿಗೆ ಫೋನಿಗೆ ಬ್ಯಾಂಕಿನ ಸಂದೇಶ ಬಂತು: ನಲವತ್ತೇಳು ಸಾವಿರದ ನಾನೂರು ಕಳೆದಿದೆ.

ಬ್ಯಾಂಕಿನ ಬೆಂಚಿನ ಮೇಲೆ ಕೂತು ನೀರು ಕುಡಿಯುವಾಗ ನಾದಿನಿ ಕೇಳಿದಳು, ಇದೆಲ್ಲ ನಿಮಗೆ ಹೇಗೆ ಗೊತ್ತಾಯಿತು, ನೀವೂ ಮೊದಲ ಸಲವಲ್ಲವೇ ಹೊರಗೆ ಬಂದದ್ದು ಎಂದು. ಅತ್ತಿಗೆ ಸುಮ್ಮನೆ ಹೇಳಿದರು: ಹೊರಡುವ ತಿಂಗಳು ಬ್ಯಾಂಕಿಗೆ ನಾಲ್ಕು ಸಲ ಹೋಗಿದ್ದರಂತೆ. ಮೊದಲ ಎರಡು ಸಲ ಗುಮಾಸ್ತ ನಕ್ಕನಂತೆ. ಮೂರನೆಯ ಸಲ ಬೇಸತ್ತು ಎಲ್ಲವನ್ನೂ ಹೇಳಿದನಂತೆ. ನಾಲ್ಕನೆಯ ಸಲ, ಕೇಳಿದ್ದು ಸರಿಯೇ ಎಂದು ಅವನೆದುರು ಒಪ್ಪಿಸಿ ಬಂದರಂತೆ.

"ಅವನು ನಕ್ಕಾಗ ನಾಚಿಕೆ ಆಗ್ಲಿಲ್ವಾ?"

"ಆಯ್ತು. ಅದಕ್ಕೇನು? ನಾಚಿಕೆ ಮನೆಗೆ ಬರೋ ಹೊತ್ತಿಗೆ ಹೋಗತ್ತೆ. ನಿನ್ನ ದುಡ್ಡು ಹೋದ್ರೆ ಬರತ್ತಾ?"

ತನಗಾಗಿ ಯಾರೋ ನಗೆಗೀಡಾಗಿ ಬಂದದ್ದು ತನಗೆ ಇಷ್ಟು ದಿನ ತಿಳಿದೇ ಇರಲಿಲ್ಲವಲ್ಲ ಎಂದು ನಾದಿನಿ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕೂತಳು. ಅಣ್ಣನ ಹೆಂಡತಿ ಎಂಬ ಮರ್ಯಾದೆ ಮೊದಲಿಂದಲೂ ಇತ್ತು. ಈಗ ಒಳಗೆ ಮೂಡಿದ್ದು ಆ ಮರ್ಯಾದೆಯಲ್ಲ, ಪಳಗಿದ ಕೈ ಇನ್ನೊಂದು ಪಳಗಿದ ಕೈಯನ್ನು ಕಂಡಾಗ ತಾನಾಗಿ ತಲೆ ಬಾಗುತ್ತದಲ್ಲ, ಅದು.

ಕಾರ್ಖಾನೆ ತಲುಪಿದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಉದ್ದನೆಯ ಹಾಲಿನಲ್ಲಿ ಮೇಜುಗಳು ಬರಿದಾಗಿದ್ದವು, ನೆಲದ ಮೇಲೆ ಬಣ್ಣದ ದಾರದ ತುಣುಕುಗಳು. ಬಾಗಿಲ ಬಳಿ ಎರಡನೆಯ ಗಿರಾಕಿ ಕೈಕಟ್ಟಿ ಕೂತಿದ್ದ. ಯಜಮಾನ ಹಣ ಎಣಿಸಿದ, ಸರಿ ಎಂದ, ರಸೀದಿ ಬರೆದ. ಕಾದವನು ಎದ್ದು ಟೊಪ್ಪಿಗೆ ಸರಿಪಡಿಸಿಕೊಂಡು ಹೊರಟುಹೋದ. ಮೆಷಿನ್ನನ್ನು ಪೆಟ್ಟಿಗೆಗೆ ತುಂಬಿಸಿ ಸಾಗಿಸುವುದು ಮೊದಲೇ ಮಾತಾಗಿತ್ತು. ಒಂದು ಸಲ ಓಡಿಸಿ ನೋಡಿ ಎಂದು ಯಜಮಾನ ಬಟ್ಟೆಯ ಚೂರು ಕೊಟ್ಟ.

ನಾದಿನಿ ಕೂತಳು. ಕಾಲು ತಾನಾಗಿ ಪೆಡಲ್ ಹುಡುಕಿತು. ಸೂಜಿ ಒಂದು ಬದಿ ಇಳಿದು, ತುದಿಯಲ್ಲಿ ತಿರುಗಿ, ಇನ್ನೊಂದು ಬದಿ ಏರಿ, ಗಂಟು ಹಾಕಿ, ನಡುವಿನ ಬಟ್ಟೆಯನ್ನು ಕತ್ತರಿಸಿ ನಿಂತಿತು. ಅವಳು ಆ ಕಾಜಾದೊಳಗೆ ಕಿರುಬೆರಳು ತೂರಿಸಿ ನೋಡಿದಳು. ಒಂದು ಎಳೆಯೂ ಎದ್ದಿರಲಿಲ್ಲ. ಅವಳ ಕಣ್ಣು ಇದನ್ನು ಇನ್ನು ಕಾಣಬೇಕಾಗಿಯೇ ಇರಲಿಲ್ಲ. ಬೆರಳಿಗೆ ಗೊತ್ತಾದರೆ ಸಾಕು.

ತೋರಿಸೋಣವೆಂದು ತಿರುಗಿದಳು. ಅತ್ತಿಗೆ ಖಾಲಿ ಪೆಟ್ಟಿಗೆಯೊಂದರ ಮೇಲೆ ಬೆನ್ನು ನೆಟ್ಟಗಿಟ್ಟುಕೊಂಡು, ಚೀಲದ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಕೂತಲ್ಲೇ ನಿದ್ದೆ ಹೋಗಿದ್ದರು. ಕೊನೆಯ ಸ್ಟಾಪು ಬಂದಾಯಿತಲ್ಲ.

ಯಜಮಾನ ಇನ್ನೊಂದು ಚೂರು ಬಟ್ಟೆ ಚಾಚಿದ. ನಾದಿನಿ ಅದನ್ನು ಸೂಜಿಯ ಕೆಳಗೆ ಹರಡಿಟ್ಟು, ಪೆಡಲಿನಿಂದ ಕಾಲು ಸರಿಸಿ, ಅವರು ಏಳುವವರೆಗೆ ಸುಮ್ಮನೆ ಕೂತಳು.