ಎರಡನೆಯ ಲಿಂಗ

ಮಕ್ತಲದ ಬಸವಪ್ರಸಾದ ಮಾಸ್ತರರನ್ನು ವಾದದಲ್ಲಿ ಸೋಲಿಸಿದವರು ಆ ಊರಿನಲ್ಲಿ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಕಡೆ ಸುಳಿಯುತ್ತಿರಲಿಲ್ಲ. ತೆಲಂಗಾಣ ಬೇಕೋ ಬೇಡವೋ ಎಂದು ಊರೆಲ್ಲ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ಬೆಳಗ್ಗೆ ಬೇಕೆನ್ನುವವರ, ಸಂಜೆ ಬೇಡವೆನ್ನುವವರ ಬಾಯಿ ಮುಚ್ಚಿಸಿದ ಕೀರ್ತಿ ಅವರದು. ರಾಜ್ಯ ಬಂತು, ಐದು ವರ್ಷವೂ ಆಯಿತು. ಒಂದೇ ಜಿಲ್ಲೆಯಲ್ಲಿದ್ದ ಅಣ್ಣತಮ್ಮಂದಿರು ಎರಡು ಜಿಲ್ಲೆಯವರಾದರು. ಅಣ್ಣ ನಾರಾಯಣಪೇಟೆ ಜಿಲ್ಲೆಯ ಮಕ್ತಲದಲ್ಲಿ ಕನ್ನಡ ಶಾಲೆಯ ಮಾಸ್ತರ. ತಮ್ಮ ಗುರುಲಿಂಗ ಗದ್ವಾಲದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯವನು. ತಾಯಿ ಚನ್ನವೀರಮ್ಮ ಇರುವುದು ತಮ್ಮನ ಮನೆಯಲ್ಲಿ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮಾಸ್ತರರಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು.

ಶ್ರಾವಣದ ಒಂದು ಮಂಗಳವಾರ ಬೆಳಗ್ಗೆ ತಮ್ಮನ ಹೆಂಡತಿ ಭಾಗ್ಯಜ್ಯೋತಿಯ ಫೋನು ಬಂತು. ಆಕೆ ಹೆಚ್ಚು ಮಾತಿನವಳಲ್ಲ. ಭಾವನೊಂದಿಗೆ ಹತ್ತು ವರ್ಷದಲ್ಲಿ ಹತ್ತು ಮಾತಾಡಿದ್ದರೆ ಹೆಚ್ಚು.

"ಭಾವ, ಅತ್ತಿ ನಿನ್ನೆ ಮುಂಜಾನಿಂದ ನೀರು ಮುಟ್ಟಿಲ್ರಿ. ಹೊಳ್ಯಾಗ ಲಿಂಗ ಕಳಕೊಂಡಾರ್ರಿ."

ಸೋಮವಾರ ಚನ್ನವೀರಮ್ಮ ನದಿಯ ಸ್ನಾನಕ್ಕೆ ಹೋಗಿದ್ದಳು. ಜೂರಾಲ ಅಣೆಕಟ್ಟಿನ ಗೇಟು ತೆರೆದಿದ್ದರಿಂದ ಕೃಷ್ಣೆ ದಂಡೆ ಮೀರಿ ಹರಿಯುತ್ತಿದ್ದಳು. ಮುಳುಗಿ ಎದ್ದಾಗ ಕೊರಳಿನ ಶಿವದಾರ ಹರಿದು ತುದಿ ಮಾತ್ರ ಕೈಗೆ ಬಂತು. ಹಾಗೆ ಕಳೆದುಕೊಂಡವರು ಹೊಸ ಲಿಂಗ ಕಟ್ಟಿಸಿಕೊಳ್ಳುವವರೆಗೆ ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ಅದು ಅವರ ಮನೆತನದ ಕಟ್ಟಳೆ. ಹಾಗೆಂದು ಯಾರೂ ಸತ್ತಿದ್ದಿಲ್ಲ. ಮನೆತನದ ಅಯ್ಯನವರಿಗೆ ಹೇಳಿ ಕಳಿಸುತ್ತಾರೆ, ಅವರು ಹೊತ್ತು ಮುಳುಗುವುದರೊಳಗೆ ಬಂದು ಲಿಂಗ ಕಟ್ಟುತ್ತಾರೆ, ಕಳೆದುಕೊಂಡವರು ಅತ್ತು, ಪೂಜೆ ಮಾಡಿ, ಉಣ್ಣುತ್ತಾರೆ. ಅದರಂತೆ ಎಂಬತ್ತು ವರ್ಷದ ಶರಣಯ್ಯನವರು ಸೋಮವಾರ ಸಂಜೆಯೇ ಮಕ್ತಲದಿಂದ ಗದ್ವಾಲಕ್ಕೆ ಬಂದಿದ್ದರು. ಗುರುಲಿಂಗ ಅವರ ಪಾದ ತೊಳೆದು, ಕೂಡಿಸಿ, ಒಂದು ತಾಸು ಮಾತಾಡಿ, ಹಾಗೆಯೇ ಹಿಂದಕ್ಕೆ ಕಳಿಸಿದ್ದ. ಒಬ್ಬರಿಗೆ ಒಂದೇ ಲಿಂಗ, ಎರಡನೆಯದಿಲ್ಲ ಎಂಬುದು ಅವನ ಮಾತು. ಎರಡು ವರ್ಷದಿಂದ ಅವನು 'ಲಿಂಗನಿಷ್ಠರ ಬಳಗ' ಎಂಬ ಹೊಸ ಕೂಟ ಸೇರಿದ್ದ.

ಮಾಸ್ತರರಿಗೆ ಸಿಟ್ಟು ಬಂತು, ಆದರೆ ಭಯವಾಗಲಿಲ್ಲ. ತಮ್ಮನೇ ತಾನೆ, ಒಂದು ತಾಸಿನ ಕೆಲಸ ಎಂದುಕೊಂಡು ಗದ್ವಾಲದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದೊಂದೇ ವಾದವನ್ನು ತಿಕ್ಕಿ ತೊಳೆದು ಸಾಲಾಗಿ ಇಟ್ಟುಕೊಂಡರು.

ಮನೆ ಮುಟ್ಟಿದಾಗ ಗುರುಲಿಂಗ ಅಂಗಡಿಗೆ ಹೋಗಿದ್ದ. ಚನ್ನವೀರಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಎಪ್ಪತ್ತೆರಡರ ಜೀವ, ಮೇಲೆ ಸಕ್ಕರೆ ಕಾಯಿಲೆ. ಗುಳಿಗೆಯನ್ನೂ ಮುಟ್ಟಿರಲಿಲ್ಲ. ಪಕ್ಕದ ಮನೆಯ ಸುಗುಣಮ್ಮ ಡಾಕ್ಟರನ್ನು ಕರೆತಂದಿದ್ದಳಂತೆ. ಚನ್ನವೀರಮ್ಮ ತುಟಿ ಬಿಗಿಹಿಡಿದು ಬೇಡವೆಂದು ತಲೆಯಾಡಿಸಿದ್ದಳಂತೆ. ಅದು ಹಟವಲ್ಲ. ಕೊರಳು ಬರಿದಿಟ್ಟುಕೊಂಡು ನುಂಗುವುದು ಆಕೆಯ ಗಂಟಲಿಗೇ ಗೊತ್ತಿರಲಿಲ್ಲ.

"ಬಾಯಿ ಒಣಗೇತಿ ಪ್ರಸಾದಾ," ಎಂದಳು. "ನೀವಿಬ್ರೂ ಕೂಡಿ ಏನ್ ಹೇಳ್ತೀರಿ ಹಂಗ ಮಾಡ್ತೀನಿ. ನನ್ನ ಸಲುವಾಗಿ ಕಚ್ಚಾಡಬ್ಯಾಡ್ರಿ."

ಭಾಗ್ಯಜ್ಯೋತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಭಾವ, ಅವ್ರು ಬರೂದ್ರಾಗ ಅತ್ತಿನ್ನ ಮಕ್ತಲಕ್ಕ ಕರಕೊಂಡು ಹೋಗಿಬಿಡ್ರಿ. ಶರಣಯ್ಯನವರು ಕಟ್ತಾರ. ಮಾತು ಆಮ್ಯಾಲ ಆಡ್ರಿ."

"ಕದ್ದು ಒಯ್ಯಾಕ ನಾ ಏನ್ ಕಳ್ಳನೇನು? ಗೆದ್ದು ಒಯ್ತೀನಿ," ಎಂದರು ಮಾಸ್ತರರು. ಎಂಥ ಮಾತು! ಆ ಒಂದು ಮಾತಿಗಾಗಿ ಅವರು ಮುಂದೆ ತಮ್ಮ ನಾಲಿಗೆಯನ್ನು ಎಷ್ಟು ಸಲ ಶಪಿಸಿಕೊಂಡರೋ. ಆ ಹೊತ್ತಿಗೆ ಮಾತ್ರ ಅದು ಅವರ ಕಿವಿಗೆ ಇಂಪಾಗಿಯೇ ಕೇಳಿತು.

ಗುರುಲಿಂಗ ಬಂದ. ಅಣ್ಣನ ಕಾಲಿಗೆ ನಮಸ್ಕರಿಸಿ, ತಾಯಿಯ ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕತೊಡಗಿದ. ಅವನ ಮುಖವೂ ಬಾಡಿತ್ತು. ಸೋಮವಾರದಿಂದ ಅವನೂ ಅನ್ನ ಮುಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು. ಇದು ಮಾಸ್ತರರಿಗೆ ಮೊದಲ ಪೆಟ್ಟು. ಅವರು ಕಟುಕನೊಬ್ಬನೊಡನೆ ಹೋರಾಡಲು ಬಂದಿದ್ದರು. ಎದುರಿಗೆ ಕೂತವನು ತಾಯಿಗೆ ಗಾಳಿ ಹಾಕುವ ಮಗ.

"ಅಪ್ಪಂದು ಕಳದಾಗ ಶರಣಯ್ಯನವರೇ ಹೊಸಾದು ಕಟ್ಟಿದ್ರು. ಮರತಿಯೇನು?" ಎಂದರು ಮಾಸ್ತರರು.

"ಮರತಿಲ್ಲ. ಅದಕ್ಕ ಅಪ್ಪ ಎರಡು ವರ್ಷದಾಗ ಹೋದ."

"ಎಪ್ಪತ್ತೆಂಟಕ್ಕ ಹೋದ್ನೋ!"

"ಕಟ್ಟಿಸ್ಕೊಳ್ದಿದ್ರ ನೂರು ಬಾಳ್ತಿದ್ದ."

ಮಾಸ್ತರರು ದಾರಿ ಬದಲಿಸಿದರು. "ಲಿಂಗ ಅಂದ್ರ ಬರೇ ಕಲ್ಲಲ್ಲ ಗುರೂ. ಒಳಗಿನ ಅರಿವು."

"ಖರೇ. ಒಳಗಿಂದು ಹೋದ ಮ್ಯಾಲ ಹೊರಗ ಕಲ್ಲು ಕಟ್ಟಿ ಏನ್ ಮಾಡೂದು?"

"ಅವ್ವ ಸಾಯ್ತಾಳ."

"ಸಾಯೂದಿಲ್ಲ. ನಿಷ್ಠಿ ಗಟ್ಟಿ ಇದ್ರ ಲಿಂಗ ತಾನ ಹೊಳ್ಳಿ ಬರ್ತೈತಿ."

"ಬರ್ದಿದ್ರ?"

"ಬರ್ದಿದ್ರ ಅವ್ವನೇ ಲಿಂಗದ ಕಡೀಗೆ ಹೋಗ್ತಾಳ. ಎರಡೂ ಕಡಿ ಗೆಲುವು ಆಕಿದೇ."

ಹೀಗೆ ನಡೆಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಮಾಸ್ತರರು ಬೇಕಾದಷ್ಟು ನೋಡಿದ್ದರು. ಆದರೆ ನಾಲ್ಕನೆಯ ಕಾಲನ್ನು ಎತ್ತಿ ತೋರಿಸಿದರೆ, ಅದನ್ನು ಕತ್ತರಿಸಿ ಈಗ ಎಣಿಸು ಎನ್ನುವವನನ್ನು ನೋಡುತ್ತಿರುವುದು ಇದೇ ಮೊದಲು. ಅವನು ದನಿಯೆತ್ತಲಿಲ್ಲ, ಬೆವರಲಿಲ್ಲ. ಮಾಸ್ತರರು ಮಾತ್ರ ಕಿರುಚುತ್ತಿದ್ದರು. ಬಿಸಿಲು ಹೊರಳಿತು. ಚನ್ನವೀರಮ್ಮ ಗೋಡೆಯಿಂದ ಜಾರಿ ಚಾಪೆಯ ಮೇಲೆ ಒರಗಿದಳು. ಇಬ್ಬರು ಮಕ್ಕಳೂ ಎದ್ದು ತಲೆದಿಂಬು ಸರಿಮಾಡಿ, ಮತ್ತೆ ಬಂದು ಕೂತು, ಎಲ್ಲಿಗೆ ಬಿಟ್ಟಿದ್ದರೋ ಅಲ್ಲಿಂದ ಹಿಡಿದರು.

"ಎಲ್ಲೈತಿ ಈ ಮಾತು? ನಿಮ್ಮ ಬಳಗದವರು ಮೊನ್ನೆ ಅಚ್ಚು ಹಾಕಿಸಿದ ಹಾಳಿ ತೋರಸಬ್ಯಾಡ. ಹಳೇದರಾಗ ತೋರ್ಸು," ಎಂದರು ಮಾಸ್ತರರು ಕೊನೆಗೆ.

"ಅಜ್ಜನ ಕೈಬರಹದ ಪುಸ್ತಕ ನಿನ್ನ ಸಂದೂಕಿನಾಗ ಐತೆಲ್ಲ. ಅದರಾಗ ಇದ್ರ ಒಪ್ತಿಯೇನು?"

ಆ ಪುಸ್ತಕವನ್ನು ಮಾಸ್ತರರು ಪೂರ್ತಿ ಓದಿರಲಿಲ್ಲ. ಆದರೆ ಅಜ್ಜನನ್ನು ಕಂಡಿದ್ದರು. ಯಾರ ಮನೆಯಲ್ಲೂ ಉಣ್ಣುತ್ತಿದ್ದ, ಎಲ್ಲರೊಡನೆ ನಗುತ್ತಿದ್ದ ಮುದುಕ. ಅಂಥವನು ಇಂಥದ್ದನ್ನು ಬರೆದಾನೆಯೇ? "ಇದ್ರ ಒಪ್ತೀನಿ," ಎಂದವರೇ, ತಮ್ಮನು ನಂಬಲೆಂದು ಪೂಜೆಯ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು ಹಣೆಗೆ ಮೂರು ಬೆರಳೆಳೆದು, "ಇಭೂತಿ ಮುಟ್ಟಿ ಹೇಳ್ತೀನಿ. ಇಲ್ದಿದ್ರ ಅವ್ವನ್ನ ಕರಕೊಂಡು ಹೋಗ್ತೀನಿ," ಎಂದರು. ವಿಭೂತಿ ಮುಟ್ಟಿ ಆಡಿದ ಮಾತನ್ನು ಅವರ ಕಡೆಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೋರ್ಟಿನ ಕಾಗದ ಬೇಕಾದರೆ ಹರಿದಾರು.

"ಹೋಗಿ ತಗೊಂಡು ಬಾ," ಎಂದ ಗುರುಲಿಂಗ.

ಭಾಗ್ಯಜ್ಯೋತಿ ಬಾಗಿಲಲ್ಲಿ ನಿಂತು ಭಾವನನ್ನು ನೋಡಿದಳು.

ಮಕ್ತಲಕ್ಕೆ ಬಂದು, ದೀಪ ಹಚ್ಚುವ ಹೊತ್ತಿಗೆ ಸಂದೂಕು ತೆರೆದು, ಮಾಸ್ತರರು ಪುಸ್ತಕ ತಿರುವಿದರು. ಅರ್ಧದವರೆಗೆ ಪೂಜೆಯ ಕ್ರಮ, ಹಾಡು, ದನದ ಔಷಧಿ. ಅವರಿಗೆ ನಗು ಬಂತು. ಆಮೇಲೆ ಒಂದು ಹಾಳೆಯಲ್ಲಿ, ಅಜ್ಜನದೇ ದುಂಡನೆಯ ಅಕ್ಷರದಲ್ಲಿ: 'ಲಿಂಗ ಕಳೆದರೆ ಮರುಲಿಂಗವಿಲ್ಲ, ಅನ್ನವಿಲ್ಲ, ಉದಕವಿಲ್ಲ. ಲಿಂಗದ ಹಿಂದೆಯೇ ಪ್ರಾಣ.'

ಅಜ್ಜ ಯಾರ ಬಾಯಿಂದ ಕೇಳಿ ಬರೆದುಕೊಂಡಿದ್ದನೋ, ಬರೆದುಕೊಂಡು ಮರೆತಿದ್ದನೋ! ಬರೆದವನು ತಾನು ಮಾತ್ರ ಆ ಮಾತಿನಂತೆ ನಡೆದವನಲ್ಲ. ಸ್ವಂತ ಹೆಂಡತಿಗೆ ಎರಡನೆಯ ಲಿಂಗ ಕಟ್ಟಿದಾಗ ಎದುರಿಗೆ ಕೂತು ಗಂಟೆ ಬಾರಿಸಿದವನು. ಆದರೆ ಅದನ್ನು ಗುರುಲಿಂಗನಿಗೆ ಹೇಳಿದರೆ ಏನು ಉತ್ತರ ಬರುತ್ತದೆಂಬುದು ಮಾಸ್ತರರಿಗೆ ಈಗ ಬಾಯಿಪಾಠವಾಗಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಪುಸ್ತಕಕ್ಕೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳಿರೆಂದು ಹೇಳಿಕೊಟ್ಟ ಮನುಷ್ಯ ಆ ಹಾಳೆಯನ್ನು ಬುಡಸಮೇತ ಹರಿದು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ನಾಚಿಕೆಯಿಂದ ಅವರ ಕಿವಿ ಸುಡುತ್ತಿತ್ತು. ಆದರೂ ಗೆದ್ದೆ ಎನಿಸಿತು.

ಬುಧವಾರ ಮೊದಲ ಬಸ್ಸಿಗೆ ಗದ್ವಾಲ. ಚನ್ನವೀರಮ್ಮ ಈಗ ಮಾತಾಡುತ್ತಿರಲಿಲ್ಲ. ತುಟಿ ಬಿರಿದು ಕಪ್ಪಾಗಿತ್ತು. ಸುಗುಣಮ್ಮ ಹೊಸ್ತಿಲಾಚೆ ನಿಂತು ತೆಲುಗಿನಲ್ಲಿ ಬಯ್ಯುತ್ತಿದ್ದಳು: "ನೀಳ್ಳಿಯ್ಯಂಡ್ರಾ! ಮೀರು ಕೊಡುಕುಲೇನಾ?" ನೀರು ಕೊಡಿರೋ, ನೀವು ಮಕ್ಕಳೇನಾ ಎಂದು.

ಮಾಸ್ತರರು ಪುಸ್ತಕವನ್ನು ತಮ್ಮನ ಮುಂದಿಟ್ಟರು. "ನೋಡು. ಎಲ್ಲೂ ಇಲ್ಲ."

ಗುರುಲಿಂಗ ಪುಸ್ತಕವನ್ನು ತೆರೆಯಲೇ ಇಲ್ಲ. ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟ. "ಇಲ್ಲಂದ್ರ ಅಜ್ಜಗ ತಿಳದಿರ್ಲಿಲ್ಲ, ಅಷ್ಟೇ."

"ಮಾತು ಆಗಿತ್ತಲ್ಲೋ!"

"ಮಾತು ಕೊಟ್ಟಾವ ನೀನು. ಇಭೂತಿ ಮುಟ್ಟಿದಾವ ನೀನು. ಹೋಗಿ ತಗೊಂಡು ಬಾ ಅಂದೆ ನಾನು. ನಾ ಪುಸ್ತಕ ಓದಿ ನಂಬಿದಾವಲ್ಲಣ್ಣ. ನಂಬಿ ಪುಸ್ತಕ ಓದಾವ."

ಒಂದು ಹಗಲು, ಒಂದು ರಾತ್ರಿ ಹೋಗಿತ್ತು. ಮಾಸ್ತರರು ಆಡುತ್ತಿದ್ದ ಆಟದಲ್ಲಿ ಎದುರಾಳಿಯೇ ಇರಲಿಲ್ಲ. ಸೋತರೆ ತಾಯಿ ಹೋಗುತ್ತಿದ್ದಳು, ಗೆದ್ದರೆ ಏನೂ ಸಿಗುತ್ತಿರಲಿಲ್ಲ. ಆಗಷ್ಟೇ ಅವರಿಗೆ ಬುದ್ಧಿ ಬಂತು. ಬಾಗಿ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಜಗಳವಾದರೂ ಆಗಲಿ, ಹೊಡೆದಾಟವಾದರೂ ಆಗಲಿ ಎಂದು ಹಲ್ಲು ಕಚ್ಚಿ ಬಾಗಿಲ ಕಡೆ ನಡೆದರು.

ಗುರುಲಿಂಗ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಒಯ್ಯಿ. ನಾ ಯಾವಾಗ ಹಿಡಕೊಂಡಿದ್ದೆ?"

ಬಾಗಿಲು ನಿನ್ನೆಯಿಂದಲೂ ತೆರೆದೇ ಇತ್ತು. ಮಕ್ತಲದ ಕಡೆ ಹೊರಟ ಆಟೋ ಜೂರಾಲದ ಸೇತುವೆ ಮುಟ್ಟುವ ಮೊದಲೇ ಚನ್ನವೀರಮ್ಮನ ತಲೆ ಮಗನ ತೋಳಿನ ಮೇಲೆ ವಾಲಿತು. ಅವರು ಅವ್ವಾ ಎಂದರು. ಮತ್ತೆ ಅವ್ವಾ ಎಂದರು. ಆಟೋದವನು ಗಾಡಿ ನಿಲ್ಲಿಸಿ ಇಳಿದು ದೂರ ಹೋಗಿ ನಿಂತ.

ಗುರುವಾರ ಬೆಳಗ್ಗೆ ಮಕ್ತಲದ ಹೊಲದಲ್ಲಿ ಸಮಾಧಿ ತೋಡಿದರು. ಗುರುಲಿಂಗ, ಭಾಗ್ಯಜ್ಯೋತಿ ಬಂದರು. ಪದ್ಧತಿಯಂತೆ ಚನ್ನವೀರಮ್ಮನನ್ನು ಕುಣಿಯೊಳಗಿನ ಗೂಡಿನಲ್ಲಿ ಪದ್ಮಾಸನ ಹಾಕಿ ಕೂಡಿಸಿ, ಎಡಗೈ ಅಂಗೈ ಮೇಲಾಗಿ ಇಟ್ಟರು. ಆ ಅಂಗೈಯಲ್ಲಿ ಲಿಂಗ ಇರಬೇಕು. ಬಿಲ್ವಪತ್ರೆ, ವಿಭೂತಿ ಎಲ್ಲ ಬಂದಿದ್ದವು. ಅಂಗೈ ಬರಿದಾಗಿತ್ತು.

ಶರಣಯ್ಯನವರು ಚೀಲಕ್ಕೆ ಕೈ ಹಾಕಿದರು. ಗುರುಲಿಂಗ ಅಡ್ಡ ಬಂದು ನಿಂತ. "ಬ್ಯಾಡ್ರಿ ಅಜ್ಜಾರ. ಅವ್ವನ್ನ ಆಕಿ ಲಿಂಗ ಕರಕೊಂಡೈತಿ. ಮತ್ತೊಂದು ಇಟ್ರ ಆಕಿ ಗೆದ್ದದ್ದು ಸುಳ್ಳಾಗ್ತೈತಿ."

ಸುತ್ತ ನಿಂತವರು ಗುಜುಗುಜು ಎಂದರು. ಒಬ್ಬರು ಶಾಸ್ತ್ರ ಹೇಳಿದರು, ಇನ್ನೊಬ್ಬರು ಅದಕ್ಕೆ ಉತ್ತರ ಹೇಳಿದರು. ನೋಡನೋಡುತ್ತಿದ್ದಂತೆ ಕುಣಿಯ ದಂಡೆಯಲ್ಲಿ ವಾದ ಹತ್ತಿಕೊಂಡಿತು. ಒಳಗೆ ಕೂತವಳ ಮೇಲೆ ನೊಣ ಕೂರುತ್ತಿತ್ತು. ಮಾಸ್ತರರ ಬಾಯಿಯೂ ತೆರೆಯಿತು.

ಅಷ್ಟರಲ್ಲಿ ಭಾಗ್ಯಜ್ಯೋತಿ ಸೆರಗು ಸಿಕ್ಕಿಸಿ ಕುಣಿಗೆ ಇಳಿದಳು. ಹೆಂಗಸರು ಇಳಿಯುವ ಜಾಗವಲ್ಲ ಅದು. ಯಾರೋ ಹೋ ಎಂದರು. ಆಕೆ ತನ್ನ ಕೊರಳಿಗೆ ಕೈ ಹಾಕಿ, ಶಿವದಾರ ಬಿಚ್ಚಿ, ಹುಟ್ಟಿದಾಗಿನಿಂದ ಮೈಮೇಲಿದ್ದ ತನ್ನ ಲಿಂಗವನ್ನು ಅತ್ತೆಯ ಅಂಗೈಯಲ್ಲಿಟ್ಟು, ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಮೇಲೆ ಹತ್ತಿ ಬಂದು, ಬರಿಯ ಕೊರಳಲ್ಲಿ ಗಂಡನ ಮುಂದೆ ನಿಂತಳು.

"ಈಗ ನಂದೂ ಕಳೀತ್ರಿ. ಹೇಳ್ರಿ, ನಾ ಏನ್ ಮಾಡ್ಲಿ?"

ಗುರುಲಿಂಗನ ಕಣ್ಣಲ್ಲಿ ನೀರು ಬಂತು. ಈಗ ಕರಗಿದ ಎಂದುಕೊಂಡರು ಮಾಸ್ತರರು. ಅವನು ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, ಬಹಳ ಮೆತ್ತಗೆ, ಪ್ರೀತಿಯಿಂದಲೇ ಹೇಳಿದ:

"ನಿನಗ ಗೊತ್ತೈತೆಲ್ಲ. ಇವತ್ತಿನಿಂದ ನೀನೂ ನೀರು ಮುಟ್ಟಂಗಿಲ್ಲ."

ಇದಕ್ಕೊಂದು ಉತ್ತರ ಮಾಸ್ತರರ ನಾಲಿಗೆಯ ತುದಿಗೆ ಬಂದಿತ್ತು. ಒಳ್ಳೆಯ ಉತ್ತರ, ಎರಡು ದಿನದಲ್ಲಿ ಹೊಳೆಯದಿದ್ದ ಉತ್ತರ. ಅವರು ಅದನ್ನು ನುಂಗಿದರು. ಕುಣಿ ತೋಡಿದವರು ಬೇವಿನ ಬುಡದಲ್ಲಿ ಕೊಡ ಇಟ್ಟಿದ್ದರು. ಅಲ್ಲಿಗೆ ಹೋಗಿ ತಂಬಿಗೆಯಲ್ಲಿ ನೀರು ತುಂಬಿ ತಂದರು. ಪೂಜೆಯಾಗದೆ ತಾವೇ ಒಂದು ದಿನವೂ ನೀರು ಕುಡಿದವರಲ್ಲ. ನೀರು ತುಳುಕಿ ಅಂಗಿಯೆಲ್ಲ ಒದ್ದೆಯಾಯಿತು.

"ಕುಡಿ ತಂಗಿ," ಎಂದರು.

"ಅಣ್ಣಾ, ಮೊದಲ ನನಗ ಉತ್ತರ ಕೊಡು," ಎಂದ ಗುರುಲಿಂಗ.

ಮಾಸ್ತರರು ಅವನ ಕಡೆ ತಿರುಗಲಿಲ್ಲ. ಭಾಗ್ಯಜ್ಯೋತಿ ಒಂದು ಸಲ ಶರಣಯ್ಯನವರನ್ನು ನೋಡಿದಳು. ಮುದುಕರು ಕಣ್ಣು ಮುಚ್ಚಿ ಹೂಂ ಎಂದು ತಲೆಯಾಡಿಸಿದರು. ಆಕೆ ತಂಬಿಗೆ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಗಟಗಟನೆ ಪೂರ್ತಿ ಕುಡಿದಳು. ಬಾಯಿ ಒರೆಸಿಕೊಂಡು ತಂಬಿಗೆ ಹಿಂದಕ್ಕೆ ಚಾಚಿದಳು.

"ಇನ್ನೊಂದೀಟು ಕೊಡ್ರಿ ಭಾವ," ಎಂದಳು.